ತಿಮ್ಮಕ್ಕನ ಬುಟ್ಟಿ

ಹೊನ್ನವಳ್ಳಿ
10 ಜೂನ್ 2024

ಕೊಲ್ಲಾಪುರಮ್ಮಕ್ಕನಿಗೆ ಮಂಗಳಾ ಮಾಡುವ ನಮಸ್ಕಾರ.

ಅಕ್ಕಾ, ಎದೆ ಹೊಡೆದುಕೊಳ್ಳುವುದು ಇನ್ನೂ ನಿಂತಿಲ್ಲ. ಬೆಳಿಗ್ಗೆ ಕಿಬ್ಬನಹಳ್ಳಿ ಕ್ರಾಸಿನಲ್ಲಿ ಬಸ್ ಇಳಿದು ಬಂದು, ತೆಂಗಿನಕಾಯಿ ಪುಡಿ ಫ್ಯಾಕ್ಟರಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಓನರ್ ಮೋಹನ್ ಕುಮಾರ್ ಕರೆದು, "ಮಂಗಳಮ್ಮ, ಕೊಲ್ಲಾಪುರಮ್ಮನ ಜಾಗಕ್ಕೆ ಇನ್ಮೇಲೆ ನೀವೇ" ಅಂದುಬಿಟ್ಟರು. ಇನ್ಯಾವ ಮಂಗಳಮ್ಮನೋ ಅಂತ ನಾನು ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

ನೀವು ಮೊಣಕಾಲು ನೋವು ಅಂತ ಬಿಟ್ಟು ಮಗಳ ಮನೆಗೆ ಹೋದಿರಿ. ನಿಮ್ಮ ಜಾಗಕ್ಕೆ ತುಮಕೂರಿನಿಂದ ಯಾರನ್ನಾದರೂ ತರುತ್ತಾರೆ ಅಂದುಕೊಂಡಿದ್ದೆ. ನನ್ನ ಓದು ನಿಮಗೆ ಗೊತ್ತೇ ಇದೆ. ತಮ್ಮನನ್ನು ಎತ್ತಿ ಆಡಿಸಲಿ ಅಂತ ಏಳನೆಯ ತರಗತಿಗೆ ಬಿಡಿಸಿದರು, ಅವನು ನಡೆಯುವಂತಾದ ಮೇಲೆ ಮತ್ತೆ ಸೇರಿಸಿದರು, ಹತ್ತರಲ್ಲಿ ಗಣಿತ ಹೋಯಿತು, ಅಲ್ಲಿಗೆ ಮುಗಿಯಿತು. ಒಲೆಯ ಮೇಲೆ ಹಾಲಿಟ್ಟರೆ ಅದು ಉಕ್ಕುವ ಮೊದಲೇ ಹೆದರುವವಳು ನಾನು. ಒಂದು ಶೆಡ್ಡಿನ ಹೆಂಗಸರನ್ನು ಹೇಗೆ ನೋಡಿಕೊಳ್ಳಲಿ?

ಅದೂ ಈಗ ಮೊದಲಿನ ಹಾಗಿಲ್ಲ. ಕಾಯಿಯ ಕಂದು ಸಿಪ್ಪೆ ಹೆರೆಯುವುದಕ್ಕೆ ನಮ್ಮ ಹೊನ್ನವಳ್ಳಿಯವರು ಅರ್ಧ ಉಳಿದಿದ್ದಾರೆ. ಇನ್ನರ್ಧ ಚಿಕ್ಕನಾಯಕನಹಳ್ಳಿ ಕಡೆಯಿಂದ ವ್ಯಾನಿನಲ್ಲಿ ಬರುವ ಹೊಸಬರು. ಅವರಲ್ಲಿ ಭವ್ಯಶ್ರೀ ಅಂತ ಒಬ್ಬಳಿದ್ದಾಳೆ, ಪಿಯುಸಿ ಮಾಡಿದವಳು, ಕಣ್ಣಲ್ಲಿ ಕಣ್ಣಿಟ್ಟು ಮಾತಾಡುತ್ತಾಳೆ. ಇವತ್ತು ಮೊದಲ ದಿನ ಎಲ್ಲರೂ ಮದುವೆ ಮನೆಯಲ್ಲಿ ಬೀಗರು ಕೂತ ಹಾಗೆ ಕೂತಿದ್ದರು. ಚಾಕು ಕೇಳುವುದಕ್ಕೂ ಸಂಕೋಚ. "ನೀವ್ ತಕಳ್ರಿ", "ಇಲ್ಲ, ನೀವ್ ತಕಳ್ರಿ."

ಓನರ್ ಯಾವುದೋ ಟ್ರೈನಿಂಗಿಗೆ ಹೋಗಿ ಬಂದಿದ್ದಾರೆ. "ಟೀಮ್ ಅನ್ನೋದು ಮೊದಲು ಸೇರ್ತದೆ, ಆಮೇಲೆ ಕಿತ್ತಾಡ್ತದೆ, ಆಮೇಲೆ ಹೊಂದ್ಕೊಳ್ತದೆ, ಆಮೇಲೆ ದುಡೀತದೆ. ದೀಪಾವಳಿಯೊಳಗೆ ದುಡಿಯೋ ಹಂತಕ್ಕೆ ತನ್ನಿ. ಇಲ್ಲಾಂದ್ರೆ ಹೆರೆಯೋ ಮಷೀನ್ ತರಿಸಿ ಕೈಕೆಲಸದ ಶೆಡ್ ಮುಚ್ತೀನಿ" ಅಂದರು. ಅಷ್ಟೂ ಹೆಂಗಸರ ಕೆಲಸ ನನ್ನ ತಲೆಯ ಮೇಲೆ ಬಂದು ಕೂತಿದೆ ಅಕ್ಕಾ.

ಫೋನ್ ಮಾಡಿದರೆ ನಿಮಗೆ ಸರಿಯಾಗಿ ಕೇಳಿಸುವುದಿಲ್ಲ, ಮೆಸೇಜ್ ಕಳಿಸಿದರೆ ನಿಮ್ಮ ಅಳಿಯ ಓದುತ್ತಾರೆ. ಅದಕ್ಕೇ ಕಾಗದ. ದಾರಿ ಹೇಳಿ.

ನಿಮ್ಮ ಮಂಗಳಾ

•

ತುರುವೇಕೆರೆ
19 ಜೂನ್ 2024

ಮಂಗಳಾ,

ನಿನ್ನ ಕಾಗದ ಓದಿ ನಗು ಬಂತು. ಅಳಿಯ ಎದುರಿಗೇ ಇದ್ದ, ನಗು ನುಂಗಿಕೊಂಡೆ.

ಬೀಗರ ಹಾಗೆ ಕೂತಿದ್ದಾರೆ ಅಂದೆಯಲ್ಲ, ಅದು ಹೆಚ್ಚು ದಿನ ಇರುವುದಿಲ್ಲ. ಜಗಳ ಬರುತ್ತೆ. ಬಂದಾಗ ನೀನು ನಡುವೆ ಹೋಗಿ ಕೈಮುಗಿದು ನಿಂತುಕೊಳ್ಳಬೇಡ. ಯಾವುದಕ್ಕೆ ಕಿತ್ತಾಡುತ್ತಿದ್ದಾರೆ ಅಂತ ಪೂರ್ತಿ ಕೇಳಿಸಿಕೋ. ಬಾಯಿಗೆ ಬಂದದ್ದು ಒಂದಿರುತ್ತೆ, ಹೊಟ್ಟೆಯಲ್ಲಿರುವುದು ಇನ್ನೊಂದು. ಹೊಟ್ಟೆಯಲ್ಲಿರುವುದು ಈಚೆ ಬರುವ ತನಕ ತಾಳ್ಮೆ ಬೇಕು. ನಿನಗೆ ಅದೇ ಇಲ್ಲ, ಗೊತ್ತು.

ಇನ್ನೊಂದು. ಬಾಗಿಲ ಪಕ್ಕದ ಜಾಗದಲ್ಲಿ ನಿಮ್ಮೆಲ್ಲರಿಗಿಂತ ಹಿರಿಯಳು ತಿಮ್ಮಕ್ಕನೇ ಕೂರಲಿ. ಅದನ್ನು ಬದಲಾಯಿಸಲು ಹೋಗಬೇಡ.

ಇಲ್ಲಿ ಮಗಳು ನನ್ನನ್ನು ಕೆಲಸ ಮಾಡಲು ಬಿಡುವುದಿಲ್ಲ. ಕಾಯಿ ತುರಿಯುವುದಕ್ಕೂ ಮಿಕ್ಸಿಯಂತೆ.

ಕೊಲ್ಲಾಪುರಮ್ಮ

•

ಹೊನ್ನವಳ್ಳಿ
14 ಜುಲೈ 2024

ಅಕ್ಕಾ,

ನೀವು ಹೇಳಿದ ಜಗಳ ಬಂತು. ಬರುತ್ತದೆ ಅಂತ ಗೊತ್ತಿದ್ದರೂ ನಾನು ತತ್ತರಿಸಿಹೋದೆ. ನಮ್ಮವರು ಹೀಗೂ ಬೈಯುತ್ತಾರಾ ಅನ್ನಿಸಿತು.

ಬಾಗಿಲ ಪಕ್ಕದ ಜಾಗಕ್ಕೇ ಶುರುವಾಯಿತು. ಭವ್ಯಶ್ರೀ ಮೊದಲು ಬಂದು ಅಲ್ಲಿ ಕೂತಿದ್ದಳು. ನಮ್ಮ ಪುಷ್ಪಲತಾ ಹೋಗಿ, "ಏಳವ್ವ, ಅದು ತಿಮ್ಮಕ್ಕನ ಜಾಗ" ಅಂದಳು.

"ಯಾಕೆ, ಅವರಪ್ಪ ಬರ್ಕೊಟ್ಟವ್ನಾ? ಇಲ್ಲಿ ಗಾಳಿ ಬತ್ತದೆ. ನಮಗೂ ಸೆಕೆ ಆಯ್ತದೆ."

"ಗಾಳಿ ಬೇಕಾದ್ರೆ ನಿಮ್ಮೂರ ಗುಡ್ಡ ಹತ್ಕೊಂಡ್ ಕುಂತ್ಕೋ ಹೋಗು."

"ನಿಮ್ಮೂರಲ್ಲಿ ಗುಡ್ಡಾನೂ ಇಲ್ಲ, ಗಾಳೀನೂ ಇಲ್ಲ, ಅದಕ್ಕೇ ಬಾಯೊಂದೇ ಐತೆ!"

ತಿಮ್ಮಕ್ಕ ನಡುವೆ ಬುಟ್ಟಿ ಹಿಡಿದು ನಿಂತಿದ್ದರು. "ಬುಡ್ರೇ, ಎಲ್ಲಾದ್ರೂ ಕುಂತ್ಕತೀನಿ" ಅಂದರೂ ಯಾರೂ ಕೇಳಲಿಲ್ಲ. ಯಾರೋ ಚಿಪ್ಪು ಎಸೆದರು. ಅದು ಗೋಡೆಗೆ ಬಡಿದು ಚೂರಾಯಿತು. ನಾನು ಬಿಡಿಸಲೂ ಹೋಗಲಿಲ್ಲ. ಗ್ರೈಂಡರ್ ಓಡಿಸುವ ಭೀಮರಾಜು ಒಳಗಿನಿಂದ ಓಡಿ ಬಂದು, "ಏನ್ ಮಂಗಳಕ್ಕ, ಇದೇನ್ ಸಂತೇನಾ?" ಅಂದಾಗ ನನಗೆ ಮೈಯೆಲ್ಲ ಬೆಂಕಿಯಾಯಿತು.

ಜಗಳ ಒಂದು ದಿನಕ್ಕೆ ನಿಲ್ಲಲಿಲ್ಲ, ವಾರವಾದರೂ ನಡೆಯಿತು. ನನಗೆ ಅನ್ನ ಸೇರಲಿಲ್ಲ. ಕೊನೆಗೆ ಎರಡು ಕಾನೂನು ಮಾಡಿದೆ. ಜಾಗ ದಿನವೂ ಬದಲು, ಬಾಗಿಲ ಪಕ್ಕ ಸರದಿಯಂತೆ ಎಲ್ಲರಿಗೂ. ಮತ್ತೆ, ಒಬ್ಬರ ಮೇಲೆ ಒಬ್ಬರು ದೂರು ತಂದರೆ ಇಬ್ಬರೂ ಮನೆಗೆ. ತಿಮ್ಮಕ್ಕನ ಜಾಗ ಮುಟ್ಟಬೇಡ ಅಂದಿದ್ದಿರಿ. ಆದರೆ ನಾನೂ ಹೊನ್ನವಳ್ಳಿಯವಳು. ಅವರಿಗೆ ಬಿಟ್ಟರೆ ಹಳಬರ ಪರ ಅಂತ ಆಗುತ್ತದಲ್ಲ?

ಕಾನೂನು ಹೇಳುವಾಗ ನನ್ನ ಧ್ವನಿ ನಡುಗುತ್ತಿತ್ತು. ಅದು ಮುಚ್ಚಿಹೋಗಲಿ ಅಂತ ಜೋರಾಗಿ ಹೇಳಿದೆ. ಎಲ್ಲರೂ ನನ್ನನ್ನೇ ನೋಡಿದರು.

ಮಂಗಳಾ

•

ತುರುವೇಕೆರೆ
2 ಆಗಸ್ಟ್ 2024

ಮಂಗಳಾ,

ದೂರು ತಂದರೆ ಮನೆಗೆ ಅಂದರೆ ದೂರು ಇಲ್ಲವಾಗುವುದಿಲ್ಲ ಕಣೇ. ನಿನ್ನ ಹತ್ತಿರ ಬರುವುದಿಲ್ಲ, ಅಷ್ಟೇ. ಆಮೇಲೆ ಅದು ಎಲ್ಲಿ ಹೋಯಿತು ಅಂತ ನೀನು ಹುಡುಕಬೇಕಾಗುತ್ತೆ.

ಆ ಕಾನೂನು ತೆಗೆ. ತೆಗೆದರೆ ಮರ್ಯಾದೆ ಹೋಗುತ್ತೆ ಅಂದುಕೊಳ್ಳಬೇಡ. ತಿಮ್ಮಕ್ಕನಿಗೆ ಅವಳ ಜಾಗ ವಾಪಸ್ ಕೊಡು. ನಾನು ಸುಮ್ಮನೆ ಹೇಳುವುದಿಲ್ಲ ಅಂತ ನಿನಗೆ ಗೊತ್ತಿರಬೇಕು.

ಕೊಲ್ಲಾಪುರಮ್ಮ

•

ಹೊನ್ನವಳ್ಳಿ
8 ಸೆಪ್ಟೆಂಬರ್ 2024

ಅಕ್ಕಾ,

ಬರೆಯುವುದು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಮಾತು ಮೀರಿದೆ ಅಂತ ಬರೆಯಲು ಅಂಜಿಕೆಯಾಗಿತ್ತು. ಈಗ ಬರೆಯುವ ಧೈರ್ಯ ಬಂದಿದೆ, ಏಕೆಂದರೆ ಸುದ್ದಿ ಒಳ್ಳೆಯದು. ನಂಬಲಿಕ್ಕೇ ಆಗುತ್ತಿಲ್ಲ ನನಗೆ.

ಜಗಳ ನಿಂತಿದೆ! ಒಂದು ದಿನ ಇದ್ದಕ್ಕಿದ್ದ ಹಾಗೆ ನಿಂತಿತು. ಹೊನ್ನವಳ್ಳಿಯವರು, ವ್ಯಾನಿನವರು ಅಂತ ಬೇರೆಬೇರೆ ಕೂರುತ್ತಿದ್ದವರು ಈಗ ಬೆರೆತು ಕೂರುತ್ತಾರೆ. ಭವ್ಯಶ್ರೀ, ಪುಷ್ಪಲತಾ ಒಂದೇ ಡಬ್ಬಿಯಿಂದ ಚಿತ್ರಾನ್ನ ತಿನ್ನುತ್ತಾರೆ. ನಾನು ಹತ್ತಿರ ಹೋದರೆ ಮಾತು ನಿಲ್ಲಿಸಿ ಕೆಲಸ ನೋಡುತ್ತಾರೆ. ಅಷ್ಟು ಶಿಸ್ತು. ಓನರ್ ಬಂದು ನೋಡಿ, "ಮಂಗಳಮ್ಮ, ಇದು ಮೂರನೇ ಹಂತ ಅಲ್ಲ, ನಾಲ್ಕಕ್ಕೇ ಹೋಗಿದ್ದೀರಿ" ಅಂದರು. ಇಷ್ಟು ಸುಲಭಕ್ಕೆ ಆಗುತ್ತದಾ ಅಂತ ಒಳಗೇ ಒಂದು ಭಯ ಇದೆ. ಆದರೆ ನನ್ನ ಭಯಕ್ಕೆ ಯಾವ ದಿನ ಕಾರಣ ಬೇಕಿತ್ತು ಹೇಳಿ?

ಇನ್ನೊಂದು ಆಶ್ಚರ್ಯ. ತಿಮ್ಮಕ್ಕನ ಜಾಗದ ಬಗ್ಗೆ ನೀವು ಅಷ್ಟು ಹೇಳಿದ್ದಿರಿ. ಜಾಗ ಬದಲಾದ ಮೇಲೆ ಅವರ ಕೆಲಸ ಕೆಡಲಿಲ್ಲ, ಇನ್ನೂ ಚೆನ್ನಾಯಿತು. ಸಾಯಂಕಾಲ ಬುಟ್ಟಿ ಸಾಲಾಗಿ ಇಟ್ಟಾಗ ತಿಮ್ಮಕ್ಕನ ಬುಟ್ಟಿಯೇ ಎಲ್ಲಕ್ಕಿಂತ ಬೆಳ್ಳಗೆ. ಒಂದು ಹೋಳಿನ ಮೇಲೂ ಕಂದು ಸಿಪ್ಪೆಯ ಚೂರಿಲ್ಲ, ಮಲ್ಲಿಗೆ ಸುರಿದ ಹಾಗೆ. ಈ ವಯಸ್ಸಿನಲ್ಲಿ!

ಅದಕ್ಕೇ ಹೋದ ವಾರ ಅವರನ್ನು ಚೆಕಿಂಗ್ ಟೇಬಲ್ಲಿಗೆ ಹಾಕಿದೆ. ಗ್ರೈಂಡರಿಗೆ ಹೋಗುವ ಮೊದಲು ಚಿಪ್ಪಿನ ಚೂರು, ಕಲ್ಲು, ಚಾಕುವಿನ ಮುರಿದ ತುದಿ ಏನಿದ್ದರೂ ಆರಿಸುವ ಜವಾಬ್ದಾರಿಯ ಕೆಲಸ, ನಿಮಗೆ ಹೇಳಬೇಕಾಗಿಲ್ಲ. ಎಲ್ಲರ ಮುಂದೆ ಹೆಸರು ಹೇಳಿದಾಗ ತಿಮ್ಮಕ್ಕನ ಮುಖ ಹೇಗೆ ಅರಳಿತು ಗೊತ್ತಾ? "ನನ್ ಕೈ ಇನ್ನೂ ಸೋತಿಲ್ಲ ನೋಡು ಮಂಗಳಾ" ಅಂದರು. ಪುಷ್ಪಲತಾಳ ಕೈಯಿಂದ ಚಾಕು ಜಾರಿ ಬಿತ್ತು. ಸಂತೋಷಕ್ಕೆ ಅಂದುಕೊಂಡೆ. ಯಾರೂ ಎದುರು ಮಾತಾಡಲಿಲ್ಲ.

ಈ ಸಲವಾದರೂ ಶಹಬ್ಬಾಸ್ ಅನ್ನಿ.

ನಿಮ್ಮ ಮಂಗಳಾ

•

ತುರುವೇಕೆರೆ
15 ಸೆಪ್ಟೆಂಬರ್ 2024

ಮಂಗಳಾ,

ಈಗ ನಿನ್ನ ಕಾಗದ ಓದಿದೆ.

ತಿಮ್ಮಕ್ಕನನ್ನು ಆ ಟೇಬಲ್ಲಿನಿಂದ ಎಬ್ಬಿಸು. ಇದು ಸಿಕ್ಕಿದ ಗಳಿಗೆಯಲ್ಲೇ ಎಬ್ಬಿಸು. ಅವಳ ಮನಸ್ಸು ನೋಯದ ಹಾಗೆ ಏನಾದರೂ ನೆಪ ಹೇಳು. ಮಗಳ ಕೈಲಿ ಫೋನ್ ಮಾಡಿಸೋಣವೆಂದರೆ ಈ ಮಾತು ಇನ್ನೊಬ್ಬರ ಬಾಯಿಗೆ ಬೀಳಬಾರದು ಅಂತ ಆಣೆಯಿದೆ. ಅಂಚೆಗೆ ಹಾಕದೆ ನಾಳೆ ಮೊದಲನೇ ಬಸ್ಸಿನ ಕಂಡಕ್ಟರ್ ಕೈಲಿ ಕಳಿಸುತ್ತಿದ್ದೇನೆ. ಕಿಬ್ಬನಹಳ್ಳಿ ಕ್ರಾಸಿನ ಟೀ ಅಂಗಡಿಯಲ್ಲಿ ಕೊಡುತ್ತಾನೆ.

ಕೊಲ್ಲಾಪುರಮ್ಮ

•

ಹೊನ್ನವಳ್ಳಿ
20 ಸೆಪ್ಟೆಂಬರ್ 2024

ಅಕ್ಕಾ,

ನಿಮ್ಮ ಕಾಗದ ಸೋಮವಾರ ಮಧ್ಯಾಹ್ನ ನನ್ನ ಕೈಗೆ ಬಂತು. ಗ್ರೈಂಡರಿನ ಬ್ಲೇಡ್ ಬೆಳಿಗ್ಗೆಯೇ ಸಿಡಿದಿತ್ತು.

ಆ ಸದ್ದು ಹೇಗೆ ಹೇಳಲಿ? ತಗಡಿನ ಸೂರು ಕಳಚಿ ತಲೆಯ ಮೇಲೆ ಬಿತ್ತು ಅಂದುಕೊಂಡೆ. ಚಾಕುವಿನ ಮುರಿದ ತುದಿ ಒಂದು ಹೋಳಿನಲ್ಲಿ ನಾಟಿಕೊಂಡಿತ್ತು. ಟೇಬಲ್ ದಾಟಿ ಒಳಗೆ ಹೋಗಿತ್ತು. ಬ್ಲೇಡಿನ ಚೂರು ಹಾರಿ ಭೀಮರಾಜುವಿನ ಕೆನ್ನೆ ಸೀಳಿತು, ಕಣ್ಣಿನ ಕೆಳಗೇ. ಒಂದು ಬೆರಳು ಮೇಲಾಗಿದ್ದರೆ ಕಣ್ಣೇ ಹೋಗುತ್ತಿತ್ತು. ಅರೆದ ಬಿಳಿ ಕಾಯಿಯ ಮೇಲೆ ರಕ್ತ. ಕಣ್ಣು ಮುಚ್ಚಿದರೆ ಈಗಲೂ ಅದೇ. ಹೊಲಿಗೆ ಹಾಕಿದ್ದಾರೆ, ಜೀವಕ್ಕೇನೂ ಇಲ್ಲ.

ತಿಮ್ಮಕ್ಕ ಟೇಬಲ್ ಮುಂದೆ ಎರಡೂ ಕೈ ಹೋಳುಗಳ ಮೇಲಿಟ್ಟುಕೊಂಡು ಹಾಗೇ ನಿಂತಿದ್ದರು. "ಏನಾಯ್ತು? ಯಾರಿಗೇನಾಯ್ತು? ಹೇಳ್ರೇ!" ಅನ್ನುತ್ತಿದ್ದರು. ಭೀಮರಾಜುವನ್ನು ಅವರ ಎದುರಿಂದಲೇ ಎತ್ತಿಕೊಂಡು ಹೋಗುತ್ತಿದ್ದರು ಅಕ್ಕಾ. ಅವರು ಬೇರೆ ಕಡೆಗೆ ನೋಡುತ್ತಿದ್ದರು.

ಆಗಲೂ ನನಗೆ ಹೊಳೆಯಲಿಲ್ಲ. ಅವರನ್ನು ಮನೆಗೆ ಕಳಿಸಿದ ಮೇಲೆ ನಾನು ಕೂಗಾಡಿದೆ. "ಕೆಲಸ ಗೊತ್ತಿರೋರೇ ಹಿಂಗ್ ಮಾಡಿದ್ರೆ ಹೆಂಗೆ?" ಅಂದೆ. ಭಾನುವಾರಕ್ಕೆ ನೆಂಟರ ಮನೆಗೆ ಹೋಗಿದ್ದ ಭವ್ಯಶ್ರೀ ಆಗತಾನೇ ತಡವಾಗಿ ಬಂದಿದ್ದಳು. ಬ್ಯಾಗ್ ನೆಲಕ್ಕೆ ಎಸೆದಳು.

"ಕಣ್ ಕಾಣ್ದಿರೋರ್ನ ಟೇಬಲ್ಲಿಗೆ ಹಾಕಿದ್ದು ಯಾರು? ನೀವು!"

"ಯಾರ್ ಕಣ್ಣು?" ಅಂದೆ.

"ಇನ್ಯಾರ್ದು? ಆಯಮ್ಮಂಗೆ ಬೆಳ್ಳಗಿರೋದು, ಕಂದಗಿರೋದು ಎರಡೂ ಒಂದೇ. ಬಾಗಿಲ ಬೆಳಕಲ್ಲಾದ್ರೆ ಒಂಚೂರು ಕಾಣ್ತಿತ್ತು. ಅದನ್ನೂ ಕಿತ್ಕೊಂಡ್ರಿ."

ಮುಂದಿನದನ್ನು ಪುಷ್ಪಲತಾ ಹೇಳಿದಳು. ಜಾಗ ಬದಲಾದ ಮೇಲೆ ತಿಮ್ಮಕ್ಕ ಹೆರೆದದ್ದರಲ್ಲಿ ಅರ್ಧಕ್ಕರ್ಧ ಸಿಪ್ಪೆ ಉಳಿಯುತ್ತಿತ್ತಂತೆ. ನಮ್ಮವರು ಅದನ್ನು ಮೆಲ್ಲಗೆ ತೆಗೆದು, ತಮ್ಮ ಬುಟ್ಟಿಯಿಂದ ಒಳ್ಳೆಯದನ್ನು ಅವರ ಬುಟ್ಟಿಗೆ ಹಾಕತೊಡಗಿದರು. ಒಂದು ದಿನ ಭವ್ಯಶ್ರೀ ಅದನ್ನು ಕಂಡಳು. ಪುಷ್ಪಲತಾಳಿಗೆ ಎದೆ ಒಡೆದ ಹಾಗಾಯಿತಂತೆ. ಇವಳು ಹೋಗಿ ಹೇಳಿಬಿಡುತ್ತಾಳೆ ಅಂತ. ಭವ್ಯಶ್ರೀ ಏನೂ ಅನ್ನದೆ ತನ್ನ ಬುಟ್ಟಿಯಿಂದ ಎಲ್ಲಕ್ಕಿಂತ ಬಿಳಿಯ ಹೋಳು ಆರಿಸಿ ತಿಮ್ಮಕ್ಕನ ಬುಟ್ಟಿಗೆ ಹಾಕಿದಳಂತೆ. ಜಗಳ ನಿಂತದ್ದು ಅವತ್ತು. ನನ್ನ ಕಾನೂನಿಂದಲ್ಲ.

ಎಲ್ಲರೂ ಒಳ್ಳೆಯದನ್ನೇ ಹಾಕಿದರು. ಅದಕ್ಕೇ ಆ ಬುಟ್ಟಿ ಎಲ್ಲಕ್ಕಿಂತ ಬೆಳ್ಳಗಿತ್ತು. ಅದನ್ನು ನೋಡಿ ನಾನು ಕಣ್ಣು ಕಾಣದವರನ್ನು ಕಣ್ಣಿನ ಕೆಲಸಕ್ಕೆ ಹಾಕಿದೆ. ಅಲ್ಲಿಯೂ ಭವ್ಯಶ್ರೀ ನೀರು ಕುಡಿಯುವ ನೆಪದಲ್ಲಿ ಹೋಗಿ ಹೋಗಿ ಟೇಬಲ್ ನೋಡಿ ಬರುತ್ತಿದ್ದಳಂತೆ. ಸೋಮವಾರ ಬೆಳಿಗ್ಗೆ ಅವಳಿರಲಿಲ್ಲ.

"ನನಗ್ಯಾಕ್ ಹೇಳ್ಲಿಲ್ಲ?" ಅಂದೆ.

"ಹೇಳಿದ್ರೆ ಇಬ್ರೂ ಮನೆಗೆ ಅಂದಿದ್ರಲ್ಲ" ಅಂದಳು ಪುಷ್ಪಲತಾ. ಬೈದು ಹೇಳಲಿಲ್ಲ. ಸುಮ್ಮನೆ ಹೇಳಿದಳು.

ಈಗ ಓನರ್, "ಆ ಚಾಕು ತುದೀನ ಟೇಬಲ್ಲಲ್ಲಿ ಬಿಟ್ಟವರ ಹೆಸರು ಹೇಳಿ ಅವರನ್ನ ಕಳಿಸಿ. ಇಲ್ಲಾಂದ್ರೆ ದೀಪಾವಳಿ ತನಕಾನೂ ಕಾಯಲ್ಲ" ಅಂದಿದ್ದಾರೆ. ಬ್ಲೇಡ್ ಬರುವ ತನಕ ಕೆಲಸ ನಿಂತಿದೆ.

ಅಕ್ಕಾ, ನಿಮಗೆ ಗೊತ್ತಿತ್ತು. ಜೂನ್‌ನಲ್ಲೇ ಗೊತ್ತಿತ್ತು. ಒಂದೇ ಒಂದು ಮಾತು ಬರೆದಿದ್ದರೆ ಆಗುತ್ತಿತ್ತಲ್ಲ. ನಿಮ್ಮನ್ನು ನಾನು ಏನಂತ ತಿಳಿದಿದ್ದೆ!

ಮಂಗಳಾ

•

ತುರುವೇಕೆರೆ
30 ಸೆಪ್ಟೆಂಬರ್ 2024

ಮಂಗಳಾ,

ಗೊತ್ತಿತ್ತು.

ನೀನು ಬೈದದ್ದು ಸರಿ. ಮೂರು ಸಲ ಬರೆಯಲು ಕೂತು ಹರಿದು ಹಾಕಿದೆ.

ಮೂರು ವರ್ಷದ ಹಿಂದೆ ತಿಮ್ಮಕ್ಕ ನನ್ನ ಕೈ ಹಿಡಿದು ಆಣೆ ಹಾಕಿಸಿ ಹೇಳಿದ್ದಳು: "ಮಗಂಗೆ ಗೊತ್ತಾದ್ರೆ ಮನೇಲಿ ಕೂರಿಸ್ತಾನೆ. ಆಪರೇಷನ್ ಅಂತಾನೆ. ನಮ್ಮತ್ತೆಗೆ ಮಾಡ್ಸಿ ಇದ್ದ ಬೆಳಕೂ ಹೋಯ್ತು. ಯಾರಿಗೂ ಹೇಳ್ಬೇಡ." ನಾನು ಬಾಗಿಲ ಬೆಳಕಿಗೆ ಕೂರಿಸಿ, ಅಷ್ಟಕ್ಕೆ ನನ್ನ ಕೆಲಸ ಮುಗಿಯಿತು ಅಂದುಕೊಂಡೆ. ಮುಚ್ಚಿಡುವುದು ನನಗೆ ಒಗ್ಗಿಹೋಗಿತ್ತು. ಯಾಕೆ ಅಂತ ಹೇಳುತ್ತೇನೆ ಕೇಳು.

ನಾನು ಬಿಟ್ಟು ಬಂದದ್ದು ಮೊಣಕಾಲಿಗಲ್ಲ. ಆ ಗ್ರೈಂಡರ್ ಪಕ್ಕ ನಿಂತು ನಿಂತು ಕಿವಿ ಪೂರ್ತಿ ಹೋಗಿತ್ತು. ಎರಡು ವರ್ಷ ಕಿವುಡಿಯಾಗಿ ನಿಮ್ಮನ್ನೆಲ್ಲ ನೋಡಿಕೊಂಡೆ. ಓನರ್ ಕರೆದಾಗ ನನ್ನ ಭುಜ ಮುಟ್ಟುತ್ತಿದ್ದವಳು ಯಾರು? ಅವರು ಹೇಳಿದ್ದನ್ನೇ "ಅಕ್ಕಾ, ಅವರು ಹಿಂಗಂದ್ರಲ್ಲ" ಅಂತ ನನ್ನ ಮುಖ ನೋಡಿ ಇನ್ನೊಂದು ಸಲ ಹೇಳುತ್ತಿದ್ದವಳು ಯಾರು? ನೀನು ಅದನ್ನು ಮುಚ್ಚಿಡುವುದು ಅಂದುಕೊಂಡಿರಲಿಲ್ಲ. ಪ್ರೀತಿ ಅಂದುಕೊಂಡಿದ್ದೆ. ತಿಮ್ಮಕ್ಕನ ಬುಟ್ಟಿ ತುಂಬಿದವರೂ ಅದನ್ನೇ ಅಂದುಕೊಂಡರು. ಒಂದು ದಿನ ನನ್ನ ಬೆನ್ನ ಹಿಂದೆ ಪುಷ್ಪಲತಾಳ ಸೆರಗು ಗ್ರೈಂಡರಿನ ಬೆಲ್ಟಿಗೆ ಸಿಕ್ಕಿ ಅವಳು ಕಿರುಚಿಕೊಂಡಿದ್ದಳು. ನನಗೆ ಕೇಳಿಸಲಿಲ್ಲ. ಭೀಮರಾಜು ಸ್ವಿಚ್ ಆರಿಸಿದ. ಮಾರನೆಯ ದಿನ ಮೊಣಕಾಲು ಅಂದೆ.

ಯಾರು ಬಿಟ್ಟರು ಅಂತ ಹುಡುಕಬೇಡ. ಮಷೀನ್ ನಿಂತಿದೆ, ಒಳ್ಳೆಯದೇ. ಎಲ್ಲರನ್ನೂ ಕೂರಿಸು, ತಿಮ್ಮಕ್ಕನನ್ನೂ. ಅವಳನ್ನು ಬೇರೆ ಕರೆದು ಪಿಸುಗುಟ್ಟಬೇಡ. ಮೊದಲು ನೀನು ಏನು ಮಾಡಿದೆ ಅಂತ ಹೇಳು. ಚಿಕ್ಕದಾಗಿ ಹೇಳು. ಅಳಬೇಡ. ನೀನು ಅತ್ತರೆ ನಿನ್ನನ್ನು ಸಮಾಧಾನ ಮಾಡುವುದರಲ್ಲೇ ಅವರ ಹೊತ್ತು ಹೋಗುತ್ತೆ. ಆಮೇಲೆ ಬಾಯಿ ಮುಚ್ಚಿಕೊಂಡು ಕೇಳು.

ನಾನು ಬರುತ್ತಿದ್ದೆ. ಬಂದರೂ ಅವರು ಏನಂದರು ಅಂತ ನನಗೆ ಕೇಳಿಸುವುದಿಲ್ಲವಲ್ಲ.

ಕೊಲ್ಲಾಪುರಮ್ಮ

•

ಹೊನ್ನವಳ್ಳಿ
13 ಅಕ್ಟೋಬರ್ 2024

ಅಕ್ಕಾ,

ನಿಮ್ಮ ಕಾಗದ ಓದಿ ಸುಮಾರು ಹೊತ್ತು ನನ್ನ ಕೈಯನ್ನೇ ನೋಡಿಕೊಂಡು ಕೂತಿದ್ದೆ. ನಿಮ್ಮ ಭುಜ ಮುಟ್ಟಿದ ಕೈ. ಇನ್ನು ನಿಮ್ಮ ಮೇಲೆ ಸಿಟ್ಟು ಹೇಗೆ ಮಾಡಲಿ?

ಓನರ್ ಹತ್ತಿರ ಹೋದೆ. "ನೋಡದೆ ಟೇಬಲ್ಲಿಗೆ ಹಾಕಿದ್ದು ನಾನು. ಹೇಳೋ ಬಾಯಿ ಕಟ್ಟಿದ್ದೂ ನಾನೇ. ಬರ್ಕೊಳಿ ನನ್ ಹೆಸರು" ಅಂದೆ. ಅವರು ನನ್ನನ್ನು ದುರುಗುಟ್ಟಿ ನೋಡಿದರು. "ನಿಮ್ಮನ್ನ ಕಳಿಸಿ ನಾನ್ ಕುಂತು ಹೆರೀಲಾ?" ಅಂದರು. ಕಳಿಸಲಿಲ್ಲ, ಕ್ಷಮಿಸಲೂ ಇಲ್ಲ. ದೀಪಾವಳಿಯ ಗಡುವು ಹಾಗೇ ಇದೆ. ಮಷೀನ್ ತೋರಿಸುವವರು ಬಂದು ಶೆಡ್ ಅಳೆದು ಹೋಗಿದ್ದಾರೆ.

ಶುಕ್ರವಾರ ಎಲ್ಲರನ್ನೂ ಕೂರಿಸಿದೆ. ತಿಮ್ಮಕ್ಕನೂ ಬಂದಿದ್ದರು. ನೀವು ಹೇಳಿದ ಹಾಗೆ ಚಿಕ್ಕದಾಗಿ ಹೇಳಿದೆ. ದೂರಿನ ಕಾನೂನು ತೆಗೆದೆ ಅಂದೆ. ಅಳಲಿಲ್ಲ. ಆಮೇಲೆ, "ತಿಮ್ಮಕ್ಕ, ನಿಮ್ ಕಣ್ಣಿನ ವಿಷ್ಯ ನನಗ್ ಗೊತ್ತಾಯ್ತು. ಬುಟ್ಟಿ ವಿಷ್ಯಾನೂ ಗೊತ್ತಾಯ್ತು. ಇನ್ ಮುಚ್ಚಿಡೋದ್ ಬೇಡ" ಅಂದೆ.

"ಕಣ್ಣು ಮಂಜು, ಹೂಂ. ಬುಟ್ಟಿ ವಿಷ್ಯ ಏನದು?" ಅಂದರು.

ಆ ಗಳಿಗೆಯಲ್ಲಿ ನನಗೆ ಗೊತ್ತಾಯಿತು. ತಿಮ್ಮಕ್ಕನಿಗೆ ಗೊತ್ತಿರಲಿಲ್ಲ ಅಕ್ಕಾ. ಅವರ ಬುಟ್ಟಿಗೆ ಬೇರೆಯವರ ಹೋಳು ಬೀಳುತ್ತಿದ್ದದ್ದು ಅವರಿಗೇ ಗೊತ್ತಿರಲಿಲ್ಲ. ಅಷ್ಟು ದಿನ ಆ ಬಿಳಿ ಹೋಳೆಲ್ಲ ತಮ್ಮದೇ ಕೆಲಸ ಅಂದುಕೊಂಡಿದ್ದರು.

ಪುಷ್ಪಲತಾ ತಡೆತಡೆದು ಹೇಳಿದಳು. ತಿಮ್ಮಕ್ಕನ ಮುಖ ನೋಡಲು ನನ್ನಿಂದಾಗಲಿಲ್ಲ.

"ನಾನ್ ಹೆರ್ದಿದ್ದೆಲ್ಲೋಯ್ತು?"

"ನಾವೇ ಇನ್ನೊಂದ್ ಸಲ ಹೆರೀತಿದ್ವಿ."

"ಅಂದ್ರೆ ನನ್ ಕೈ ಸೋತೈತೆ ಅಂತ ನಿಮಗೆಲ್ಲಾ ಗೊತ್ತು. ನನಗೊಬ್ಳಿಗೇ ಗೊತ್ತಿಲ್ಲ."

"ನಿನಗ್ ನೋವಾಗ್ಬಾರ್ದು ಅಂತ ಕಣಕ್ಕಾ..."

"ನನ್ ಕೈ ಚೆನ್ನಾಗೈತೆ ಅಂತ ನಂಬಿ ಆ ಟೇಬಲ್ ಮುಂದೆ ನಿಂತ್ಕಂಡೆ ಕಣ್ರೇ! ಆ ಭೀಮರಾಜು ನನ್ ಮಗನ್ ವಯಸ್ಸಿನೋನು. ಅವನ ಕಣ್ ಹೋಗಿದ್ರೆ? ನೀವು ನನ್ನ ಸಾಕಿದ್ರಾ, ಇಲ್ಲ ಆಟ ಆಡಿದ್ರಾ?"

ಭವ್ಯಶ್ರೀ ಅಳತೊಡಗಿದಳು. ಯಾರಿಗೂ ಬಗ್ಗದ ಹುಡುಗಿ. ತಿಮ್ಮಕ್ಕ ಎದ್ದು ಗೋಡೆ ಹಿಡಿದುಕೊಂಡು ಬಾಗಿಲಿಗೆ ಹೋದರು. ಕೈ ಹಿಡಿಯಲು ಹೋದ ಪುಷ್ಪಲತಾಳನ್ನು ಕೊಡವಿಕೊಂಡರು. ಕ್ರಾಸಿನ ತನಕ ಒಬ್ಬರೇ ನಡೆದರು, ಅದೂ ಹೆದ್ದಾರಿ ಪಕ್ಕ. ನಾವೆಲ್ಲ ದೂರದಲ್ಲಿ ಹಿಂದೆ ಹೋದೆವು. ಬಸ್ ಹತ್ತುವವರೆಗೂ ಅವರು ತಿರುಗಲಿಲ್ಲ.

ಶೆಡ್ ಉಳಿದರೂ ತಿಮ್ಮಕ್ಕ ಬರದಿದ್ದರೆ ಯಾರೂ ಮೊದಲಿನ ಹಾಗೆ ಕೂರುವುದಿಲ್ಲ. ನಿನ್ನೆ ಅವರ ಮನೆಗೆ ಹೋಗಿದ್ದೆ. ಒಳಗಿದ್ದುಕೊಂಡೇ "ಇಲ್ಲ ಅನ್ನು" ಅಂದದ್ದು ಕೇಳಿಸಿತು. ನಿಮ್ಮ ಹೆಸರು ಹೇಳಲೂ ನನಗೆ ಧೈರ್ಯ ಬರಲಿಲ್ಲ.

ಮಂಗಳಾ

•

ತುರುವೇಕೆರೆ
21 ಅಕ್ಟೋಬರ್ 2024

ಮಂಗಳಾ,

ಅಳಿಯನ ಸ್ಕೂಟರಿನಲ್ಲಿ ಹೊನ್ನವಳ್ಳಿಗೆ ಬಂದು ಹೋದೆ. ನಿನಗೆ ಹೇಳಲಿಲ್ಲ. ತಿಮ್ಮಕ್ಕನ ಹತ್ತಿರ ಕೂತಿದ್ದೆ. ಅವಳಿಗೆ ನಾನು ಸರಿಯಾಗಿ ಕಾಣುವುದಿಲ್ಲ, ನನಗೆ ಅವಳ ಮಾತು ಕೇಳಿಸುವುದಿಲ್ಲ. ಚೆನ್ನಾಗಿ ಬೈದಳು ಅಂತ ಅಳಿಯ ಆಮೇಲೆ ಹೇಳಿದ. ಅವಳ ಮಗನಿಗೆ ನಾನೇ ಎಲ್ಲ ಹೇಳಿದೆ. ಆಣೆ ಮುರಿದೆ.

ಅವಳು ಬರುತ್ತಾಳೋ ಇಲ್ಲವೋ ಗೊತ್ತಿಲ್ಲ. ಕರೆಯಲು ಮತ್ತೆ ಹೋಗಬೇಡ. ಬಂದರೆ ಕೂರಲು ಜಾಗ ಹೇಗಿರಬೇಕೋ ಅದನ್ನು ಮಾಡಿಡು.

ಕೊಲ್ಲಾಪುರಮ್ಮ

•

ಹೊನ್ನವಳ್ಳಿ
1 ಡಿಸೆಂಬರ್ 2024

ಅಕ್ಕಾ,

ದೀಪಾವಳಿ ಕಳೆಯಿತು. ಶೆಡ್ ಇದೆ. ಒಂದು ಮಷೀನ್ ಪರೀಕ್ಷೆಗೆ ಅಂತ ಬಂದು ಮೂಲೆಯಲ್ಲಿ ಕೂತಿದೆ. ಭೀಮರಾಜು ಇನ್ನೂ ನನ್ನ ಜೊತೆ ಮಾತಾಡುವುದಿಲ್ಲ. ಕೆನ್ನೆಯ ಗುರುತು ಹೋಗುವುದಿಲ್ಲವಂತೆ.

ಪ್ರತಿಯೊಬ್ಬರ ತಲೆಯ ಮೇಲೂ ಒಂದೊಂದು ಟ್ಯೂಬ್‌ಲೈಟ್ ಬೇಕು ಅಂತ ಓನರ್ ಮುಂದೆ ಎಲ್ಲರೂ ಹೋಗಿ ನಿಂತರು. ನನಗೆ ಹೇಳದೆಯೇ ಹೋದರು! ಹಾಕಿಸಿದ್ದಾರೆ. ಬೆಳಿಗ್ಗೆ ಕೆಲಸಕ್ಕೆ ಮೊದಲು ಚಾಕುಗಳನ್ನೆಲ್ಲ ಒಂದು ಕಡೆ ಇಟ್ಟು ತುದಿ ನೋಡುತ್ತೇವೆ. ಆಗ ಯಾರು ಏನು ಬೇಕಾದರೂ ಹೇಳಬಹುದು. ಮೊದಲ ದಿನ ನನಗೆ ಬಿದ್ದ ಬೈಗುಳ ನೀವು ಕೇಳಬೇಕಿತ್ತು. ಮನೆಗೆ ಹೋಗಿ ಜ್ವರ ಬಂತು. ಈಗ ಬರೀ ಕಿವಿ ಬಿಸಿಯಾಗುತ್ತದೆ.

ಮೊನ್ನೆ ಗುರುವಾರ ತಿಮ್ಮಕ್ಕ ಬಂದರು. ಮಗ ಬೈಕಿನಲ್ಲಿ ಬಿಟ್ಟು ಹೋದ. ಒಂದು ಕಣ್ಣಿಗೆ ತಿಪಟೂರಿನಲ್ಲಿ ಪೊರೆ ತೆಗೆಸಿದ್ದಾರೆ, ಕಪ್ಪು ಕನ್ನಡಕ. ಇನ್ನೊಂದು ಹಾಗೇ ಇದೆ. ಯಾರನ್ನೂ ಮಾತಾಡಿಸಲಿಲ್ಲ. ಬುಟ್ಟಿ ಎತ್ತಿಕೊಂಡು ಬೇಕೆಂತಲೇ ನಡುವೆ ಹೋಗಿ ಕೂತರು. "ನನ್ ಬುಟ್ಟಿಗೆ ಯಾವಳಾದ್ರೂ ಕೈ ಹಾಕಿದ್ರೆ ಬೆರಳು ಕತ್ತರಿಸ್ತೀನಿ" ಅಂದರು. ಅಷ್ಟೇ ಮಾತು.

ಊಟದ ಹೊತ್ತಿಗೆ ಅವರ ಬುಟ್ಟಿ ಟೇಬಲ್ಲಿಗೆ ಬಂತು. ಈಗ ಟೇಬಲ್ ನೋಡುವವಳು ಭವ್ಯಶ್ರೀ. ಬುಟ್ಟಿಯಲ್ಲಿ ಅಲ್ಲಲ್ಲಿ ಕಂದು ಉಳಿದಿತ್ತು. ದೂರದಲ್ಲಿ ನಿಂತವರಿಗೂ ಕಾಣುತ್ತಿತ್ತು. ಒಬ್ಬೊಬ್ಬರ ಚಾಕೂ ನಿಂತಿತು. ಸುಮ್ಮನೆ ಬಿಟ್ಟುಬಿಡು, ನಾನೇ ಆಮೇಲೆ ಹೆರೆಯುತ್ತೇನೆ ಅಂತ ಭವ್ಯಶ್ರೀಗೆ ಕಣ್ಸನ್ನೆ ಮಾಡಲು ಹೋಗಿದ್ದೆ ಅಕ್ಕಾ. ಇಷ್ಟೆಲ್ಲ ಆದ ಮೇಲೂ. ಅವಳು ನನ್ನ ಕಡೆ ನೋಡಲೇ ಇಲ್ಲ, ಸದ್ಯ.

ಒಂದು ಹೋಳು ತೆಗೆದುಕೊಂಡು ಬಂದು ತಿಮ್ಮಕ್ಕನ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಅವರ ಹೆಬ್ಬೆರಳು ಹಿಡಿದು ಉಳಿದಿದ್ದ ಸಿಪ್ಪೆಯ ಮೇಲಿಟ್ಟಳು.

"ಅಕ್ಕಾ, ಇದು ನಿಂದು. ಇಲ್ಲಿ ಸಿಪ್ಪೆ ಐತೆ. ಇನ್ನೊಂದ್ ಸಲ ಹೆರಿ."

ತಿಮ್ಮಕ್ಕ ಕನ್ನಡಕ ಎತ್ತಿ ಹೋಳನ್ನು ಮೂಗಿನ ಹತ್ತಿರ ತಂದುಕೊಂಡರು. ಬೆರಳಾಡಿಸಿದರು.

"ಹೂಂ. ಐತೆ ಕಣೇ" ಅಂದರು. ಹೆರೆದರು. "ಈಗ ನೋಡು."

ಭವ್ಯಶ್ರೀ ಬೆಳಕಿಗೆ ಹಿಡಿದು ನೋಡಿದಳು. ಸರಿಯಾಯಿತು ಅಂತಾಳೆ, ಮುಗಿಯಿತು ಅಂದುಕೊಂಡೆ.

"ಇನ್ನೂ ಚೂರೈತೆ" ಅಂದಳು.

ಎರಡನೆಯ ಸಲ! ಪುಷ್ಪಲತಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ನಿನ್ ಮನೆ ಕಾಯೋಗ, ಏನ್ ಕಣ್ಣೇ ನಿಂದು!" ಅಂತ ಬೈಯುತ್ತಾ ತಿಮ್ಮಕ್ಕ ಆ ಹೋಳು ಕಿತ್ತುಕೊಂಡು ಮತ್ತೆ ಚಾಕು ಕೈಗೆ ತೆಗೆದುಕೊಂಡರು.

ನಿಮ್ಮ ಮಂಗಳಾ